ಜನನಿಬಿಡ ಪೇಟೆಯಲ್ಲಿ ಬಾಂಬ್ ಸಿಡಿದರೆ: ಮೊದಲ ಕ್ಷಣದಿಂದ ಪರಿಹಾರದ ಅರ್ಜಿಯವರೆಗೆ

2013ರ ಫೆಬ್ರುವರಿ 21ರಂದು ಸಂಜೆ ಏಳು ಗಂಟೆಯ ಸುಮಾರಿಗೆ ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ, ಬಸ್ ನಿಲ್ದಾಣದ ಬಳಿ ಒಂದು ಮತ್ತು ಅಲ್ಲಿಂದ ಕೂಗಳತೆಯಲ್ಲಿದ್ದ ತಿಂಡಿ ಅಂಗಡಿಯ ಎದುರು ಇನ್ನೊಂದು, ಹೀಗೆ ಸೈಕಲ್‌ಗಳಿಗೆ ಕಟ್ಟಿ ನಿಲ್ಲಿಸಿದ್ದ ಎರಡು ಬಾಂಬ್‌ಗಳು ಕೆಲವೇ ನಿಮಿಷಗಳ ಒಳಗೆ ಸಿಡಿದವು. ಬಟ್ಟೆ ಅಂಗಡಿಗಳು, ಚಿತ್ರಮಂದಿರಗಳು, ಕೋಚಿಂಗ್ ತರಗತಿಗಳು ಒತ್ತೊತ್ತಾಗಿರುವ ಆ ಪೇಟೆಯಲ್ಲಿ ಆ ಹೊತ್ತು ಮನೆಗೆ ಹೊರಟ ವಿದ್ಯಾರ್ಥಿಗಳು, ಕೆಲಸ ಮುಗಿಸಿದವರು, ಸಾಮಾನು ಕೊಳ್ಳಲು ಬಂದವರು ತುಂಬಿದ್ದರು. ತಾಯಿಯ ಗರ್ಭದಲ್ಲಿದ್ದ ಒಂದು ಶಿಶುವನ್ನೂ ಸೇರಿಸಿ 18 ಜೀವಗಳು ಹೋದವು, ನೂರಕ್ಕೂ ಹೆಚ್ಚು ಜನ ಗಾಯಗೊಂಡರು. ಈ ಪ್ರಕರಣದಲ್ಲಿ 2016ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ತನಿಖಾ ಸಂಸ್ಥೆಯ (ಎನ್‌ಐಎ) ವಿಶೇಷ ನ್ಯಾಯಾಲಯವು ಇಂಡಿಯನ್ ಮುಜಾಹಿದೀನ್ ಸಂಘಟನೆಯ ಐವರಿಗೆ ಮರಣದಂಡನೆ ವಿಧಿಸಿತು, ತೆಲಂಗಾಣ ಹೈಕೋರ್ಟ್ 2025ರ ಏಪ್ರಿಲ್‌ನಲ್ಲಿ ಅದನ್ನು ಎತ್ತಿಹಿಡಿಯಿತು.

ಕರ್ನಾಟಕದವರಿಗೆ ಇದು ದೂರದ ಮಾತಲ್ಲ. 2014ರ ಡಿಸೆಂಬರ್ 28ರ ರಾತ್ರಿ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ ರೆಸ್ಟೋರೆಂಟ್ ಒಂದರ ಹೊರಗೆ ಬಾಂಬ್ ಸಿಡಿದು ಚೆನ್ನೈನಿಂದ ಬಂದಿದ್ದ ಮಹಿಳೆಯೊಬ್ಬರು ತೀರಿಕೊಂಡರು. 2024ರ ಮಾರ್ಚ್ 1ರಂದು ಮಧ್ಯಾಹ್ನ ಊಟದ ಹೊತ್ತಿಗೆ ರಾಮೇಶ್ವರಂ ಕೆಫೆಯಲ್ಲಿ ಯಾರೋ ಇಟ್ಟು ಹೋದ ಚೀಲ ಸಿಡಿದಾಗ ಹಲವರು ಗಾಯಗೊಂಡರು, ಯಾರೂ ಸಾಯಲಿಲ್ಲ. ಇಂತಹ ದಾಳಿಯನ್ನು ಮೊದಲೇ ಪತ್ತೆಹಚ್ಚಿ ತಡೆಯುವುದು ಪೊಲೀಸರ ಮತ್ತು ಗುಪ್ತಚರ ಇಲಾಖೆಯ ಕೆಲಸ. ಆದರೆ ಸ್ಫೋಟವಾದ ನಂತರದ ಮೊದಲ ಹತ್ತು ನಿಮಿಷಗಳಲ್ಲಿ ಅಲ್ಲಿ ಪೊಲೀಸರೂ ಇರುವುದಿಲ್ಲ, ಆಂಬುಲೆನ್ಸೂ ಇರುವುದಿಲ್ಲ. ಇರುವವರು ತರಕಾರಿ ಮಾರುವವರು, ಆಟೋ ಚಾಲಕರು, ಸೀರೆ ಕೊಳ್ಳಲು ಬಂದವರು. ಯಾರು ಬದುಕುತ್ತಾರೆ ಎಂಬುದು ಬಹುಮಟ್ಟಿಗೆ ಇವರು ಏನು ಮಾಡುತ್ತಾರೆ ಎಂಬುದರ ಮೇಲೆ ನಿಂತಿದೆ. ಈ ಬರಹ ಅವರಿಗಾಗಿ, ಅಂದರೆ ನಮ್ಮೆಲ್ಲರಿಗಾಗಿ.

ಹೆಜ್ಜೆ 1: ಪೇಟೆಗೆ ಹೊರಡುವ ಮುನ್ನ

ಭಯಪಟ್ಟು ಮನೆಯಲ್ಲಿ ಕೂರಬೇಕಾಗಿಲ್ಲ, ಎರಡು ಸಣ್ಣ ಅಭ್ಯಾಸಗಳು ಸಾಕು. ಮನೆಮಂದಿಯೊಂದಿಗೆ ಚಿಕ್ಕಪೇಟೆಗೋ ಮೈಸೂರಿನ ದೇವರಾಜ ಮಾರುಕಟ್ಟೆಗೋ ಹೋದಾಗ, ಒಬ್ಬರಿಗೊಬ್ಬರು ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಎಂದು ಮೊದಲೇ ಹೇಳಿಕೊಳ್ಳಿ. ಆ ಜಾಗ ಪೇಟೆಯ ಒಳಗಿರದೆ ಸ್ವಲ್ಪ ದೂರದ ದೇವಸ್ಥಾನವೋ ಮೆಟ್ರೊ ನಿಲ್ದಾಣವೋ ಆಗಿರಲಿ. ಚಿಕ್ಕ ಮಕ್ಕಳ ಜೇಬಿನಲ್ಲಿ ಅವರ ಹೆಸರು ಮತ್ತು ಇಬ್ಬರು ದೊಡ್ಡವರ ಫೋನ್ ಸಂಖ್ಯೆ ಬರೆದ ಚೀಟಿ ಇಡಿ. ಒಳಗೆ ಹೋಗುವಾಗ ಹೊರಬರುವ ಇನ್ನೊಂದು ದಾರಿ ಎಲ್ಲಿದೆ ಎಂದು ಕಣ್ಣು ಹಾಯಿಸಿ. ಸ್ಫೋಟವಾದಾಗ ಜನರೆಲ್ಲ ತಾವು ಬಂದ ದಾರಿಗೇ ನುಗ್ಗುತ್ತಾರೆ, ಹಾಗಾಗಿ ಇನ್ನೊಂದು ದಾರಿ ಗೊತ್ತಿದ್ದವರು ಕಾಲ್ತುಳಿತದಿಂದ ಪಾರಾಗುತ್ತಾರೆ.

ಹೆಜ್ಜೆ 2: ವಾರಸುದಾರರಿಲ್ಲದ ಚೀಲ ಕಂಡಾಗ

ನಮ್ಮ ಪೇಟೆಗಳಲ್ಲಿ ಮರೆತು ಹೋದ ಚೀಲಗಳಿಗೆ ಬರವಿಲ್ಲ, ಬಹುಪಾಲು ನಿಜಕ್ಕೂ ಮರೆತು ಹೋದವೇ ಆಗಿರುತ್ತವೆ. ಆದ್ದರಿಂದ ಮೂರು ಪ್ರಶ್ನೆ ಕೇಳಿಕೊಳ್ಳಿ. ಅದನ್ನು ಕಣ್ಣಿಗೆ ಬೀಳದಂತೆ ಬೇಕೆಂದೇ ಅಡಗಿಸಿಟ್ಟಿದ್ದಾರೆಯೇ? ತಂತಿ, ಬ್ಯಾಟರಿ, ಟೇಪು, ಸರ್ಕ್ಯೂಟ್ ಏನಾದರೂ ಹೊರಗೆ ಕಾಣುತ್ತಿದೆಯೇ? ಆ ಜಾಗದಲ್ಲಿ ಅಂತಹ ವಸ್ತು ಸಾಮಾನ್ಯವಾಗಿ ಇರುವಂಥದ್ದೇ? ತರಕಾರಿ ಮಾರುಕಟ್ಟೆಯಲ್ಲಿ ಗೋಣಿಚೀಲ ಸಹಜ, ಆದರೆ ಹೋಟೆಲಿನ ಕೈತೊಳೆಯುವ ಜಾಗದ ಹಿಂದೆ ತುರುಕಿಟ್ಟ ಹೊಸ ಬ್ಯಾಗು ಸಹಜವಲ್ಲ. ಒಮ್ಮೆ ಗಟ್ಟಿಯಾಗಿ "ಇದು ಯಾರದು?" ಎಂದು ಕೇಳಿ. ಉತ್ತರ ಬಾರದೆ ಅನುಮಾನ ಉಳಿದರೆ, ಮುಂದಿನ ಕೆಲಸ ಮುಟ್ಟುವುದಲ್ಲ, ದೂರ ಹೋಗುವುದು ಮತ್ತು ಇತರರನ್ನು ದೂರ ಕಳಿಸುವುದು.

2005ರ ಅಕ್ಟೋಬರ್ 29ರಂದು, ದೀಪಾವಳಿಯ ಖರೀದಿಯ ಗದ್ದಲದಲ್ಲಿದ್ದ ದೆಹಲಿಯಲ್ಲಿ ಪಹಾಡ್‌ಗಂಜ್, ಸರೋಜಿನಿ ನಗರ ಮಾರುಕಟ್ಟೆ ಮತ್ತು ಗೋವಿಂದಪುರಿಯ ಒಂದು ಬಸ್ಸಿನಲ್ಲಿ ಸ್ಫೋಟಗಳಾಗಿ ಅರವತ್ತಕ್ಕೂ ಹೆಚ್ಚು ಜನ ಸತ್ತರು. ಗೋವಿಂದಪುರಿಯ ಬಸ್ಸಿನಲ್ಲಿ ಮಾತ್ರ ಪ್ರಯಾಣಿಕರ ಜೀವ ಉಳಿಯಿತು, ಏಕೆಂದರೆ ಅನಾಥ ಚೀಲ ಕಂಡ ಕೂಡಲೇ ಚಾಲಕ ಮತ್ತು ನಿರ್ವಾಹಕ ಎಲ್ಲರನ್ನೂ ಕೆಳಗಿಳಿಸಿದರು. ಆದರೆ ಬಾಂಬಿನ ಸಮೀಪವೇ ಉಳಿದ ಆ ಚಾಲಕರು ತಮ್ಮ ಎರಡೂ ಕಣ್ಣುಗಳನ್ನು ಕಳೆದುಕೊಂಡರು. ಅವರ ಧೈರ್ಯಕ್ಕೆ ಕೈ ಮುಗಿಯಬೇಕು, ಜೊತೆಗೆ ಅವರು ತೆತ್ತ ಬೆಲೆಯನ್ನೂ ನೆನಪಿಡಬೇಕು. ಜನರನ್ನು ಇಳಿಸಿದ ಮೇಲೆ ಚೀಲದ ಬಳಿ ಯಾರೂ ಇರಕೂಡದು. ಅದನ್ನು ಎತ್ತಿ ಎಸೆಯುವುದು, ನೀರು ಸುರಿಯುವುದು, ಕಾಲಿನಿಂದ ಸರಿಸುವುದು ಯಾವುದೂ ಬೇಡ.

ಎಷ್ಟು ದೂರ ಹೋಗಬೇಕೆಂಬುದಕ್ಕೆ ಬ್ರಿಟನ್ನಿನ ಪೊಲೀಸರ ಅಳತೆ ನೆನಪಿಡಲು ಸುಲಭ: ಕೈಚೀಲದಷ್ಟು ವಸ್ತುವಾದರೆ ಕನಿಷ್ಠ 100 ಮೀಟರ್, ಸೂಟ್‌ಕೇಸು ಅಥವಾ ಸಣ್ಣ ವಾಹನವಾದರೆ 200, ದೊಡ್ಡ ವಾಹನವಾದರೆ 400 ಮೀಟರ್. ಚೀಲದ ಪಕ್ಕದಲ್ಲೇ ನಿಂತು ಫೋನ್ ಮಾಡಬೇಡಿ. ಚೀಲ ಕಾಣದಂತೆ ಗಟ್ಟಿ ಗೋಡೆಯ ಹಿಂದೆ ಸೇರಿದ ಮೇಲೆ ತುರ್ತು ಸಹಾಯ ಸಂಖ್ಯೆ 112ಕ್ಕೆ ಕರೆ ಮಾಡಿ, ಸ್ಥಳದ ಗುರುತು, ಚೀಲದ ಬಣ್ಣ ಮತ್ತು ಗಾತ್ರ, ಎಷ್ಟು ಹೊತ್ತಿನಿಂದ ಅಲ್ಲಿದೆ ಎಂಬುದನ್ನು ಹೇಳಿ. ಕರೆ ಮಾಡಿ ಕೊನೆಗೆ ಅದು ಬರೀ ಊಟದ ಡಬ್ಬಿ ಎಂದು ಗೊತ್ತಾದರೆ ನಾಚಿಕೆ ಪಡಬೇಕಾದ್ದೇನೂ ಇಲ್ಲ. 2007ರ ಆಗಸ್ಟ್ 25ರಂದು ಹೈದರಾಬಾದಿನ ಗೋಕುಲ್ ಚಾಟ್ ಮತ್ತು ಲುಂಬಿನಿ ಪಾರ್ಕ್‌ನಲ್ಲಿ ಬಾಂಬ್‌ಗಳು ಸಿಡಿದು ನಲವತ್ತಕ್ಕೂ ಹೆಚ್ಚು ಜನ ಸತ್ತ ಅದೇ ದಿನ, ಇದೇ ದಿಲ್‌ಸುಖ್‌ನಗರದ ಪಾದಚಾರಿ ಮೇಲ್ಸೇತುವೆಯ ಕೆಳಗೆ ಸಿಡಿಯದ ಬಾಂಬೊಂದು ಸಿಕ್ಕಿತ್ತು, ಅದನ್ನು ನಿಷ್ಕ್ರಿಯಗೊಳಿಸಲಾಯಿತು.

ಹೆಜ್ಜೆ 3: ಸ್ಫೋಟವಾದ ಕೂಡಲೇ

ಸದ್ದು ಕೇಳಿದ ಕ್ಷಣ ನೆಲಕ್ಕೆ ಬಿದ್ದು ತಲೆಯನ್ನೂ ಕತ್ತನ್ನೂ ಕೈಗಳಿಂದ ಮುಚ್ಚಿಕೊಳ್ಳಿ, ಏಕೆಂದರೆ ಗಾಜು, ಮೊಳೆ, ತಗಡಿನ ಚೂರುಗಳು ಹಾರಿ ಬರುವುದು, ಬೋರ್ಡುಗಳು ಕಳಚಿ ಬೀಳುವುದು ಆಗಲೇ. ಅದು ನಿಂತ ಮೇಲೆ ಏಳಿ. ಕಿವಿ ಕೇಳಿಸದಿರಬಹುದು, ಪಕ್ಕದವರು ಕೂಗಿದ್ದು ತಲುಪದಿರಬಹುದು, ಹಾಗಾಗಿ ಕೈಸನ್ನೆ ಬಳಸಿ. ಗಾಜಿನ ಮುಂಭಾಗವಿರುವ ಷೋರೂಮುಗಳ ಪಕ್ಕದಲ್ಲಿ ನಡೆಯಬೇಡಿ, ಲಿಫ್ಟ್ ಹತ್ತಬೇಡಿ, ಕಡಿದು ಬಿದ್ದ ವಿದ್ಯುತ್ ತಂತಿಯನ್ನು ದಾಟಬೇಡಿ. ಜನ ನುಗ್ಗುತ್ತಿದ್ದರೆ ಎರಡೂ ಕೈಗಳನ್ನು ಮಡಚಿ ಎದೆಯ ಮುಂದೆ ಹಿಡಿದು ಉಸಿರಾಟಕ್ಕೆ ಜಾಗ ಉಳಿಸಿಕೊಳ್ಳಿ. ನೂಕಿನ ವಿರುದ್ಧ ಹೋಗದೆ ಓರೆಯಾಗಿ ಅಂಚಿಗೆ ಸರಿಯಿರಿ, ಬಿದ್ದ ಚಪ್ಪಲಿಗಾಗಿ ಬಗ್ಗಬೇಡಿ.

ತಿಂಡಿ ಅಂಗಡಿಯವರು ತಮಗೆ ಅಪಾಯವಿಲ್ಲದೆ ಕೈಗೆಟುಕಿದರೆ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಬೇಕು, ಸರೋಜಿನಿ ನಗರದಲ್ಲಿ ಸ್ಫೋಟದ ಬೆನ್ನಿಗೆ ಹೊತ್ತಿದ ಬೆಂಕಿ ಅನಾಹುತವನ್ನು ಹೆಚ್ಚಿಸಿತ್ತು. ಧ್ವನಿವರ್ಧಕ ಇರುವ ಮಳಿಗೆಗಳು ಅದನ್ನು ಬಳಸಲಿ. 2008ರ ನವೆಂಬರ್ 26ರ ರಾತ್ರಿ ಮುಂಬೈನ ಛತ್ರಪತಿ ಶಿವಾಜಿ ಟರ್ಮಿನಸ್‌ನಲ್ಲಿ ಗುಂಡು ಹಾರುತ್ತಿರುವಾಗಲೂ ರೈಲ್ವೆಯ ಉದ್ಘೋಷಕರೊಬ್ಬರು ಯಾವ ಕಡೆಯಿಂದ ಹೊರಹೋಗಬೇಕೆಂದು ಮೈಕಿನಲ್ಲಿ ಹೇಳುತ್ತಲೇ ಇದ್ದರು, ಅದರಿಂದ ಎಷ್ಟೋ ಪ್ರಯಾಣಿಕರು ಪಾರಾದರು. ಬಾಂಬಿನ ಬದಲು ಗುಂಡಿನ ದಾಳಿಯಾದರೆ ಕ್ರಮ ಬೇರೆ: ಓಡಲು ದಾರಿಯಿದ್ದರೆ ಓಡಿ, ಇಲ್ಲದಿದ್ದರೆ ಷಟರ್ ಎಳೆದು ದೀಪ ಆರಿಸಿ, ಫೋನನ್ನು ಸದ್ದಿಲ್ಲದಂತೆ ಮಾಡಿ ಗಟ್ಟಿ ಗೋಡೆಯ ಹಿಂದೆ ಅಡಗಿ, ಆಮೇಲೆ 112ಕ್ಕೆ ತಿಳಿಸಿ.

ಹೆಜ್ಜೆ 4: ಎರಡನೆಯ ಬಾಂಬ್ ಇದೆಯೆಂದೇ ತಿಳಿಯಿರಿ

ಮೊದಲ ಸದ್ದು ಕೇಳಿದ ಮೇಲೆ ಏನಾಯಿತೆಂದು ನೋಡಲು ಓಡಿ ಬರುವವರನ್ನೇ ಗುರಿಯಾಗಿಸಿ ಎರಡನೆಯದನ್ನು ಇಡುವ ಕ್ರೌರ್ಯ ನಮ್ಮ ದೇಶದಲ್ಲಿ ನಡೆದಿದೆ. ದಿಲ್‌ಸುಖ್‌ನಗರದಲ್ಲಿ ಎರಡು ಸಿಡಿದವು. 2011ರ ಜುಲೈ 13ರಂದು ಮುಂಬೈನಲ್ಲಿ ಜವೇರಿ ಬಜಾರ್, ಒಪೇರಾ ಹೌಸ್ ಮತ್ತು ದಾದರ್‌ನಲ್ಲಿ ಹತ್ತು ಹನ್ನೆರಡು ನಿಮಿಷಗಳಲ್ಲಿ ಮೂರು ಸಿಡಿದವು. ಎಲ್ಲಕ್ಕಿಂತ ಘೋರವಾದದ್ದು 2008ರ ಜುಲೈ 26ರ ಅಹಮದಾಬಾದ್. ಪೇಟೆಗಳಲ್ಲಿ ಬಾಂಬ್‌ಗಳು ಸಿಡಿದು ಗಾಯಾಳುಗಳನ್ನು ಸಿವಿಲ್ ಆಸ್ಪತ್ರೆಗೆ ತರುತ್ತಿದ್ದಾಗ ಆ ಆಸ್ಪತ್ರೆಯ ಆವರಣದಲ್ಲೇ ಸ್ಫೋಟಗಳಾದವು.

ಆದ್ದರಿಂದ, ಗಾಯಾಳುಗಳಿಗೆ ನೆರವಾಗುತ್ತಿಲ್ಲದ ಪ್ರತಿಯೊಬ್ಬರೂ ಅಲ್ಲಿಂದ ಹೊರಡಬೇಕು. ನಿಂತು ನೋಡುವುದು ನಿಮಗೂ ಅಪಾಯ, ಆಂಬುಲೆನ್ಸಿಗೂ ಅಡ್ಡಿ. ನೆರವಾಗುವವರು ಒಮ್ಮೆ ಸುತ್ತ ನೋಡಿ ಬೇರೆ ಚೀಲ, ಸೈಕಲ್, ವಾಹನ ಅನುಮಾನ ಬರುವಂತಿದೆಯೇ ಎಂದು ಗಮನಿಸಬೇಕು. ಸಾಧ್ಯವಿದ್ದಷ್ಟು ಗಾಯಾಳುಗಳನ್ನು ಆ ಜಾಗದಿಂದ ಒಂದು ತಿರುವು ದಾಟಿಸಿ, ಗೋಡೆಯ ಮರೆಗೆ ತಂದು, ಅಲ್ಲಿ ಆರೈಕೆ ಮಾಡಬೇಕು. ಇಬ್ಬರು ಮೂವರು ಯುವಕರು ರಸ್ತೆಯ ಬಾಯಿಯಲ್ಲಿ ನಿಂತು ಬೈಕು ಕಾರುಗಳನ್ನು ತಡೆದು ಆಂಬುಲೆನ್ಸಿಗೆ ದಾರಿ ಬಿಡಿಸಿದರೆ ಅದು ರಕ್ತ ನಿಲ್ಲಿಸಿದಷ್ಟೇ ದೊಡ್ಡ ಕೆಲಸ.

ಹೆಜ್ಜೆ 5: ರಕ್ತ ನಿಲ್ಲಿಸಿ

ಈ ಬರಹದಲ್ಲಿ ಒಂದೇ ಭಾಗವನ್ನು ನೆನಪಿಡಲು ಸಾಧ್ಯವಿದ್ದರೆ ಇದನ್ನು ನೆನಪಿಡಿ. ತೊಡೆಯ ಅಥವಾ ತೋಳಿನ ದೊಡ್ಡ ರಕ್ತನಾಳ ಹರಿದವರು ಕೆಲವೇ ನಿಮಿಷಗಳಲ್ಲಿ ಸಾಯುತ್ತಾರೆ, ಆದರೆ ಪಕ್ಕದಲ್ಲಿದ್ದವರ ಎರಡು ಕೈಗಳು ಅವರನ್ನು ಉಳಿಸಬಲ್ಲವು. ಕೂಗುತ್ತಿರುವವರು ಉಸಿರಾಡುತ್ತಿದ್ದಾರೆ ಎಂದರ್ಥ, ಹಾಗಾಗಿ ಮೊದಲು ಸದ್ದಿಲ್ಲದೆ ಬಿದ್ದವರ ಬಳಿಗೆ ಹೋಗಿ. ರಕ್ತ ಚಿಮ್ಮುತ್ತಿದ್ದರೆ, ನೆಲದಲ್ಲಿ ಮಡುಗಟ್ಟುತ್ತಿದ್ದರೆ ಅಥವಾ ಬಟ್ಟೆ ತೊಯ್ದು ಸೋರುತ್ತಿದ್ದರೆ ಅದೇ ಮೊದಲ ಕೆಲಸ.

ವೇಲು, ಟವೆಲ್, ಪಂಚೆ, ಅಂಗಡಿಯ ಹೊಸ ಬಟ್ಟೆ, ಏನು ಸಿಕ್ಕರೂ ಗಾಯದ ಮೇಲಿಟ್ಟು ಎರಡೂ ಅಂಗೈಗಳಿಂದ ಮೈಭಾರ ಬಿಟ್ಟು ಒತ್ತಿ. ನಿಂತಿತೇ ಎಂದು ನೋಡಲು ಮತ್ತೆ ಮತ್ತೆ ತೆಗೆಯಬೇಡಿ, ಬಟ್ಟೆ ತೊಯ್ದರೆ ಅದರ ಮೇಲೆಯೇ ಇನ್ನೊಂದನ್ನು ಇಟ್ಟು ಒತ್ತುತ್ತಲೇ ಇರಿ. ತೊಡೆಸಂದು ಅಥವಾ ಕಂಕುಳಲ್ಲಿ ಆಳವಾದ ಗಾಯವಾದರೆ ಬಟ್ಟೆಯನ್ನು ಗಾಯದೊಳಗೆ ತುಂಬಿ ಒತ್ತಬೇಕು. ಪ್ಲಾಸ್ಟಿಕ್ ಕವರನ್ನು ಕೈಗವಸಿನಂತೆ ಹಾಕಿಕೊಂಡರೆ ನಿಮಗೂ ರಕ್ಷಣೆ.

ಕೈ ಅಥವಾ ಕಾಲಿನ ರಕ್ತ ಒತ್ತಿದರೂ ನಿಲ್ಲದಿದ್ದರೆ, ಅಥವಾ ಅಂಗವೇ ತುಂಡಾಗಿದ್ದರೆ, ಟೂರ್ನಿಕೆಟ್, ಅಂದರೆ ರಕ್ತದ ಹರಿವನ್ನು ತಡೆಯುವ ಬಿಗಿಪಟ್ಟಿ ಕಟ್ಟಬೇಕು. ಎರಡು ಮೂರು ಬೆರಳಗಲದ ಬಟ್ಟೆಯ ಪಟ್ಟಿಯನ್ನು ಗಾಯಕ್ಕಿಂತ ನಾಲ್ಕು ಬೆರಳು ಮೇಲೆ, ಮೊಣಕೈ ಮೊಣಕಾಲಿನ ಗಂಟನ್ನು ಬಿಟ್ಟು, ಸುತ್ತಿ ಗಂಟು ಹಾಕಿ. ಗಂಟಿನ ಮೇಲೆ ಗಟ್ಟಿ ಕೋಲು ಅಥವಾ ಸೌಟಿನ ಹಿಡಿಯನ್ನಿಟ್ಟು ಇನ್ನೊಂದು ಗಂಟು ಹಾಕಿ, ರಕ್ತ ನಿಲ್ಲುವವರೆಗೆ ತಿರುಚಿ, ಕೋಲು ಬಿಚ್ಚಿಕೊಳ್ಳದಂತೆ ಕಟ್ಟಿ. ಗಾಯಾಳು ನೋವಿನಿಂದ ಚೀರುತ್ತಾರೆ, ಮನಸ್ಸು ಕರಗಿ ಸಡಿಲಿಸಬೇಡಿ. ತೆಳ್ಳನೆಯ ದಾರ ಅಥವಾ ವೈರು ಬೇಡ. ಕಟ್ಟಿದ ಸಮಯವನ್ನು ಪೆನ್ನಿನಿಂದಲೋ ಲಿಪ್‌ಸ್ಟಿಕ್‌ನಿಂದಲೋ ಅವರ ಹಣೆಯ ಮೇಲೆ ಬರೆಯಿರಿ, ಅದನ್ನು ಬಿಚ್ಚುವ ಕೆಲಸ ಆಸ್ಪತ್ರೆಯವರದು.

ಮೈಗೆ ಹೊಕ್ಕ ಗಾಜು, ಮೊಳೆ, ತಗಡನ್ನು ಕೀಳಬೇಡಿ, ಅದೇ ರಕ್ತನಾಳದ ಬಾಯಿಯನ್ನು ಮುಚ್ಚಿಕೊಂಡಿರಬಹುದು. ಅದರ ಎರಡೂ ಬದಿಗೆ ಬಟ್ಟೆಯ ಸುರುಳಿ ಇಟ್ಟು ಅಲುಗದಂತೆ ಕಟ್ಟಿ. ಸುಟ್ಟ ಗಾಯಕ್ಕೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಿ, ಪೇಸ್ಟು, ಶಾಯಿ, ಎಣ್ಣೆ ಯಾವುದನ್ನೂ ಹಚ್ಚಬೇಡಿ. ಪ್ರಜ್ಞೆ ತಪ್ಪಿ ಉಸಿರಾಡುತ್ತಿರುವವರನ್ನು ಒಂದು ಮಗ್ಗುಲಿಗೆ ಮಲಗಿಸಿ. ಬಾಯಾರಿಕೆ ಎಂದರೂ ಗಂಭೀರ ಗಾಯಾಳುಗಳಿಗೆ ನೀರು ಕುಡಿಸಬೇಡಿ, ಶಸ್ತ್ರಚಿಕಿತ್ಸೆ ಬೇಕಾಗಬಹುದು. ಬಾಯಿಗೆ ನೀರು ಬಿಡುವುದು ನಮ್ಮಲ್ಲಿ ಕರುಣೆಯ ಮೊದಲ ರೂಪ ಎಂಬುದು ನಿಜ, ಆದರೆ ಇಲ್ಲಿ ಅದು ಉಸಿರುನಾಳಕ್ಕೆ ಹೋಗಿ ಅಪಾಯ ತರುತ್ತದೆ. ತುಂಡಾದ ಬೆರಳು ಅಥವಾ ಕೈ ಸಿಕ್ಕರೆ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆ ಚೀಲವನ್ನು ಐಸಿನ ಮೇಲಿಟ್ಟು ಗಾಯಾಳುವಿನ ಜೊತೆಗೇ ಕಳಿಸಿ. ಅಂಗಕ್ಕೆ ಐಸು ನೇರವಾಗಿ ತಾಗಬಾರದು.

ಹೊರಗೆ ಒಂದು ಗೀರೂ ಇಲ್ಲದವರು ಕೂಡ ಆಸ್ಪತ್ರೆಗೆ ಹೋಗಲೇಬೇಕು. ಸ್ಫೋಟದ ಗಾಳಿಯ ಒತ್ತಡ ಶ್ವಾಸಕೋಶ, ಕರುಳು ಮತ್ತು ಕಿವಿಯ ತಮಟೆಯನ್ನು ಒಳಗೊಳಗೇ ಹಾಳುಮಾಡುತ್ತದೆ, ಉಸಿರಾಟದ ತೊಂದರೆ ಗಂಟೆಗಳ ನಂತರ ಕಾಣಿಸಿಕೊಳ್ಳಬಹುದು. ಬಸುರಿಯರನ್ನು ತಪ್ಪದೆ ಪರೀಕ್ಷಿಸಬೇಕು. ಕಿವಿ ಗುಂಯ್‌ಗುಟ್ಟುತ್ತಿದ್ದರೆ ಎಣ್ಣೆ ಬಿಡಬೇಡಿ.

ಹೆಜ್ಜೆ 6: ಆಸ್ಪತ್ರೆಗೆ ಸಾಗಿಸುವಾಗ

108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವುದು ತಡವಾದರೆ ಆಟೋ, ಗೂಡ್ಸ್ ಗಾಡಿ ಯಾವುದಾದರೂ ಆದೀತು, ಆದರೆ ಒಬ್ಬರು ಗಾಯ ಒತ್ತಿ ಹಿಡಿದು ಜೊತೆಗೆ ಕೂರಲೇಬೇಕು. ಇಲ್ಲಿ ಎಲ್ಲರೂ ಮರೆಯುವ ಒಂದು ಸಂಗತಿಯಿದೆ. ನಡೆಯಬಲ್ಲ ಸಣ್ಣ ಗಾಯದವರು ಮೊದಲು ಹತ್ತಿರದ ಆಸ್ಪತ್ರೆಯನ್ನು ತಲುಪಿ ತುಂಬಿಬಿಡುತ್ತಾರೆ, ಆಮೇಲೆ ಬರುವ ಗಂಭೀರ ಗಾಯಾಳುಗಳಿಗೆ ಹಾಸಿಗೆಯೂ ವೈದ್ಯರೂ ಸಿಗುವುದಿಲ್ಲ. ಕೆ.ಆರ್. ಮಾರುಕಟ್ಟೆಯ ಬಳಿ ಹೀಗಾದರೆ ವಿಕ್ಟೋರಿಯಾ ಆಸ್ಪತ್ರೆಯನ್ನು, ಕಮರ್ಷಿಯಲ್ ಸ್ಟ್ರೀಟ್ ಬಳಿಯಾದರೆ ಬೌರಿಂಗ್ ಆಸ್ಪತ್ರೆಯನ್ನು ಪ್ರಾಣಾಪಾಯದಲ್ಲಿರುವವರಿಗೆ ಬಿಟ್ಟು, ನಡೆಯಬಲ್ಲವರು ಸ್ವಲ್ಪ ದೂರದ ಇನ್ನೊಂದು ಆಸ್ಪತ್ರೆಗೆ ಹೋಗುವುದು ಒಳ್ಳೆಯದು.

ಖಾಸಗಿ ಆಸ್ಪತ್ರೆಯವರು "ಇದು ಪೊಲೀಸ್ ಕೇಸು, ಸರ್ಕಾರಿ ಆಸ್ಪತ್ರೆಗೆ ಹೋಗಿ" ಎಂದರೆ ಒಪ್ಪಬೇಡಿ. ಸರ್ಕಾರಿಯಾಗಲಿ ಖಾಸಗಿಯಾಗಲಿ ಪ್ರತಿಯೊಬ್ಬ ವೈದ್ಯರೂ ತುರ್ತು ಚಿಕಿತ್ಸೆ ನೀಡಲೇಬೇಕು, ಕಾನೂನಿನ ವಿಧಿವಿಧಾನಗಳಿಗಾಗಿ ಜೀವ ಉಳಿಸುವ ಕೆಲಸ ತಡವಾಗಬಾರದು ಎಂದು ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಗಾಯಾಳುವನ್ನು ತಂದವರನ್ನು ಸತಾಯಿಸದಂತೆ ರಕ್ಷಿಸಲು ಕರ್ನಾಟಕವು 2016ರಲ್ಲಿ ಪರೋಪಕಾರಿಗಳ ರಕ್ಷಣೆಗೆಂದೇ ಕಾಯ್ದೆ ರೂಪಿಸಿದೆ. ಸೇರಿಸಿದ ಮೇಲೆ ತುರ್ತು ವಿಭಾಗದ ಬಾಗಿಲಲ್ಲಿ ಗುಂಪುಗೂಡದೆ ಹೊರಬನ್ನಿ.

ಹೆಜ್ಜೆ 7: ಕಾಣದಾದ ಮನೆಯವರನ್ನು ಹುಡುಕುವುದು

ಆ ಹೊತ್ತು ಎಲ್ಲರೂ ಕರೆ ಮಾಡುವುದರಿಂದ ಮೊಬೈಲ್ ಜಾಲ ಕಿಕ್ಕಿರಿಯುತ್ತದೆ. "ಕ್ಷೇಮವಾಗಿದ್ದೇನೆ, ಇಂಥಲ್ಲಿದ್ದೇನೆ" ಎಂಬ ಒಂದು ಎಸ್‌ಎಂಎಸ್ ಕರೆಗಿಂತ ಬೇಗ ತಲುಪುತ್ತದೆ. ಊರಲ್ಲಿರುವ ಒಬ್ಬ ಅಕ್ಕನೋ ಚಿಕ್ಕಪ್ಪನೋ ಎಲ್ಲರ ಸುದ್ದಿಯನ್ನು ಸಂಗ್ರಹಿಸಲಿ, ಉಳಿದವರು ಅವರೊಬ್ಬರಿಗೇ ತಿಳಿಸಲಿ. ಹುಡುಕಲು ಇಬ್ಬಿಬ್ಬರಾಗಿ ಬೇರೆ ಬೇರೆ ಆಸ್ಪತ್ರೆಗೆ ಹೋಗಿ, ಇತ್ತೀಚಿನ ಫೋಟೊ, ತೊಟ್ಟಿದ್ದ ಬಟ್ಟೆಯ ಬಣ್ಣ, ಮಚ್ಚೆ, ಹಚ್ಚೆ, ಹಳೆಯ ಶಸ್ತ್ರಚಿಕಿತ್ಸೆಯ ಗುರುತು ಇವುಗಳ ವಿವರ ಒಯ್ಯಿರಿ. ಹೆಸರಿನ ಪಟ್ಟಿಯಲ್ಲಿ ಇಲ್ಲವೆಂದ ಮಾತ್ರಕ್ಕೆ ಹಿಂದಿರುಗಬೇಡಿ, ಪ್ರಜ್ಞೆಯಿಲ್ಲದವರನ್ನು "ಅಪರಿಚಿತ" ಎಂದು ದಾಖಲಿಸಿರುತ್ತಾರೆ, ಆ ಪಟ್ಟಿಯನ್ನು ಪ್ರತ್ಯೇಕವಾಗಿ ಕೇಳಿ. ಶವಾಗಾರಕ್ಕೆ ಹೋಗಬೇಕಾಗಿ ಬಂದರೆ ತಂದೆ ತಾಯಿಯನ್ನು ಒಂಟಿಯಾಗಿ ಕಳಿಸದೆ, ಮನಸ್ಸು ಗಟ್ಟಿಯಿರುವ ಬಂಧುವೊಬ್ಬರು ಮುಂದೆ ಹೋಗಲಿ. ಮುಖದಿಂದ ಗುರುತಿಸಲಾಗದಿದ್ದರೆ ಡಿಎನ್‌ಎ ಪರೀಕ್ಷೆ ಕೇಳಿ, ಅವಸರದಲ್ಲಿ ಒಪ್ಪಿಕೊಳ್ಳಬೇಡಿ.

ಹೆಜ್ಜೆ 8: ಫೋನು, ವದಂತಿ ಮತ್ತು ಸಾಕ್ಷ್ಯ

ಸತ್ತವರ, ಛಿದ್ರವಾದವರ ಚಿತ್ರಗಳನ್ನು ಯಾರಿಗೂ ಕಳಿಸಬೇಡಿ. ಒಬ್ಬ ತಾಯಿ ತನ್ನ ಮಗನ ಸಾವನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೋಡಿ ತಿಳಿಯುವಂತಾಗಬಾರದು. ಪೊಲೀಸರ ಕಾರ್ಯಾಚರಣೆಯನ್ನು ನೇರಪ್ರಸಾರ ಮಾಡಬೇಡಿ, ಮುಂಬೈ ದಾಳಿಯ ವೇಳೆ ಟಿ.ವಿ. ನೇರಪ್ರಸಾರ ದಾಳಿಕೋರರ ಸೂತ್ರಧಾರರಿಗೆ ನೆರವಾದುದನ್ನು ಸುಪ್ರೀಂ ಕೋರ್ಟ್ 2012ರ ತೀರ್ಪಿನಲ್ಲಿ ಕಟುವಾಗಿ ಟೀಕಿಸಿದೆ. ನಿಮ್ಮ ಫೋನಿನಲ್ಲಿ ಸ್ಫೋಟಕ್ಕೆ ಮುಂಚಿನ ಅಥವಾ ನಂತರದ ವಿಡಿಯೊ ಇದ್ದರೆ ಅದನ್ನು ಕತ್ತರಿಸದೆ, ಅಳಿಸದೆ, ಮೂಲ ರೂಪದಲ್ಲೇ ಪೊಲೀಸರಿಗೆ ಕೊಡಿ, ವಾಟ್ಸ್‌ಆ್ಯಪ್ ಮೂಲಕ ಹೋದ ಪ್ರತಿ ಸಮಯ ಮತ್ತು ಸ್ಥಳದ ವಿವರಗಳನ್ನು ಕಳೆದುಕೊಂಡಿರುತ್ತದೆ. ಅಂಗಡಿಯವರು ಸಿ.ಸಿ. ಕ್ಯಾಮೆರಾದ ದೃಶ್ಯ ತಾನಾಗಿ ಅಳಿಸಿಹೋಗುವ ಮುನ್ನ ಬೇರೆಡೆ ಉಳಿಸಿಡಬೇಕು. ಸ್ಥಳದಲ್ಲಿ ಬಿದ್ದ ಚೂರುಗಳನ್ನು ಗುಡಿಸಬೇಡಿ, ತೊಳೆಯಬೇಡಿ, ಮಹಜರು ಮುಗಿಯುವವರೆಗೆ ಅವೆಲ್ಲ ಸಾಕ್ಷ್ಯ.

ಕಂಡದ್ದನ್ನು ಬೇರೆಯವರೊಂದಿಗೆ ಚರ್ಚಿಸುವ ಮೊದಲು ಒಂದು ಹಾಳೆಯಲ್ಲಿ ಬರೆದಿಡಿ. ಕಂಡದ್ದು ಬೇರೆ, ಊಹಿಸಿದ್ದು ಬೇರೆ. ಗಡ್ಡ, ಟೋಪಿ, ಭಾಷೆ, ಊರು ನೋಡಿ ಯಾರನ್ನಾದರೂ ಹಿಡಿದು ಹೊಡೆಯುವುದು ಇನ್ನೊಂದು ಅಪರಾಧ, ನಿಜವಾದ ಅಪರಾಧಿಗೆ ತಪ್ಪಿಸಿಕೊಳ್ಳಲು ಸಿಗುವ ಸಮಯ. 2007ರ ಮೇ ತಿಂಗಳಲ್ಲಿ ಹೈದರಾಬಾದಿನ ಮೆಕ್ಕಾ ಮಸೀದಿಯಲ್ಲಿ ಸ್ಫೋಟವಾದ ನಂತರ ಬಂಧಿತರಾದ ಹಲವು ಮುಸ್ಲಿಂ ಯುವಕರು ಜೈಲಿನಲ್ಲಿ ಕಾಲ ಕಳೆದು, ಕೊನೆಗೆ ನ್ಯಾಯಾಲಯದಿಂದ ಬಿಡುಗಡೆಯಾದರು. ಪೊಲೀಸರ ತನಿಖೆಯೇ ಹೀಗೆ ದಾರಿ ತಪ್ಪಬಹುದಾದರೆ ಬೀದಿಯ ಗುಂಪಿನ ತೀರ್ಮಾನವನ್ನು ಯಾರು ನಂಬಬೇಕು?

ಹೆಜ್ಜೆ 9: ಮನಸ್ಸಿನ ಆರೈಕೆ

ಮೊದಲ ಕೆಲವು ವಾರ ನಿದ್ದೆ ಬಾರದಿರುವುದು, ಪಟಾಕಿಯ ಸದ್ದಿಗೆ ಬೆಚ್ಚುವುದು, ಆ ರಸ್ತೆಯ ಕಡೆ ಹೋಗಲಾರದಿರುವುದು ಸಹಜ. ಒಂದು ತಿಂಗಳು ದಾಟಿದರೂ ಕಡಿಮೆಯಾಗದಿದ್ದರೆ ವೈದ್ಯರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್ ಸಮನ್ವಯದಲ್ಲಿ ನಡೆಯುವ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿದ್ದು, ಕನ್ನಡದಲ್ಲಿಯೇ ಮಾತಾಡಬಹುದು. ಗಾಯಾಳುಗಳನ್ನು ಹೊತ್ತೊಯ್ದ ಆಟೋ ಚಾಲಕರು, ರಕ್ತ ಒತ್ತಿ ಹಿಡಿದ ಅಂಗಡಿ ಹುಡುಗರು ತಮಗೇನೂ ಆಗಿಲ್ಲವೆಂದು ಸುಮ್ಮನಾಗುತ್ತಾರೆ, ಅವರನ್ನೂ ವಿಚಾರಿಸಿ.

ಹೆಜ್ಜೆ 10: ಕಾಗದಪತ್ರ ಮತ್ತು ಪರಿಹಾರ

ದುಃಖದ ನಡುವೆ ಕಾಗದದ ಮಾತು ಕಠಿಣವೆನಿಸುತ್ತದೆ, ಆದರೆ ಆಸ್ಪತ್ರೆಯಲ್ಲಿ ಒಂದು ಸಾಲು ಬರೆಸದೆ ಬಂದ ಕಾರಣಕ್ಕೆ ವರ್ಷಗಟ್ಟಲೆ ಅಲೆಯುವುದು ಇನ್ನೂ ಕಠಿಣ. ಗಾಯ ಎಷ್ಟೇ ಸಣ್ಣದಿರಲಿ, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯವೆಂದು ಆಸ್ಪತ್ರೆಯವರು ಬರೆಯುವ ದಾಖಲೆ) ದಾಖಲಿಸಿ "ಬಾಂಬ್ ಸ್ಫೋಟದಿಂದ" ಎಂದು ಸ್ಪಷ್ಟವಾಗಿ ಬರೆಸಿ. ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಾರಾಂಶ, ಔಷಧಿ ಬಿಲ್ಲುಗಳು, ಎಫ್‌ಐಆರ್ ಪ್ರತಿ, ಸಾವಾಗಿದ್ದರೆ ಮರಣೋತ್ತರ ಪರೀಕ್ಷೆಯ ವರದಿ ಮತ್ತು ಮರಣ ಪ್ರಮಾಣಪತ್ರ ಇವೆಲ್ಲವನ್ನೂ ಒಂದೇ ಕಡತದಲ್ಲಿಟ್ಟು ಎರಡು ಪ್ರತಿ ಮಾಡಿಸಿ. ಅಂಗಡಿ ಅಥವಾ ತಳ್ಳುಗಾಡಿ ಹಾಳಾದವರು ಅದರ ಚಿತ್ರ ತೆಗೆದು ಮಹಜರಿನಲ್ಲಿ ನಷ್ಟ ನಮೂದಾಗಿದೆಯೇ ನೋಡಬೇಕು.

ಭಯೋತ್ಪಾದಕ ಹಿಂಸೆಯಲ್ಲಿ ಸತ್ತ ನಾಗರಿಕರ ಕುಟುಂಬಕ್ಕೆ ಮತ್ತು ಶೇ 50 ಅಥವಾ ಅದಕ್ಕಿಂತ ಹೆಚ್ಚಿನ ಶಾಶ್ವತ ಅಂಗವೈಕಲ್ಯಕ್ಕೆ ಒಳಗಾದವರಿಗೆ ಕೇಂದ್ರ ಗೃಹ ಸಚಿವಾಲಯದ ಯೋಜನೆಯಡಿ ನೆರವು ಇದೆ. ಮೊದಲು 3 ಲಕ್ಷ ರೂಪಾಯಿ ಇದ್ದದ್ದು 2016ರ ಆಗಸ್ಟ್‌ನಿಂದ 5 ಲಕ್ಷವಾಗಿದೆ. ಅರ್ಜಿ ಜಿಲ್ಲಾಡಳಿತದ ಮೂಲಕವೇ ಹೋಗಬೇಕು, ಅಂದರೆ ಡಿ.ಸಿ. ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಶಾಶ್ವತ ಅಂಗವೈಕಲ್ಯದ ಪ್ರಮಾಣವನ್ನು ವೈದ್ಯಕೀಯ ಮಂಡಳಿಯಿಂದ ಬರೆಸಿಕೊಳ್ಳಿ. ರಾಜ್ಯ ಸರ್ಕಾರ ಆಗಿಂದಾಗ್ಗೆ ಘೋಷಿಸುವ ಪರಿಹಾರ ಇದಕ್ಕಿಂತ ಬೇರೆ, ಅದು ಸಿಕ್ಕಿತೆಂದು ಇದನ್ನು ಬಿಡಬೇಡಿ. ಘಟನೆ ಬೇರೆ ರಾಜ್ಯದಲ್ಲಿ ನಡೆದಿದ್ದು ನೀವು ಕರ್ನಾಟಕದವರಾಗಿದ್ದರೆ, ಘಟನೆ ನಡೆದ ಜಿಲ್ಲೆಯ ಆಡಳಿತವನ್ನೇ ಮೊದಲು ಸಂಪರ್ಕಿಸಿ, ಎಫ್‌ಐಆರ್ ಇರುವುದು ಅಲ್ಲಿಯೇ.

ಇದಲ್ಲದೆ, ಅಪರಾಧಕ್ಕೆ ಬಲಿಯಾದವರಿಗೆ ಪರಿಹಾರ ನೀಡುವ ಯೋಜನೆಯಡಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಅರ್ಜಿ ಹಾಕಬಹುದು. ಅಪರಾಧಿ ಸಿಗದಿದ್ದರೂ, ವಿಚಾರಣೆ ಇನ್ನೂ ಆರಂಭವಾಗದಿದ್ದರೂ ಈ ಅರ್ಜಿಗೆ ಅಡ್ಡಿಯಿಲ್ಲ, ತುರ್ತು ಮಧ್ಯಂತರ ನೆರವನ್ನೂ ಅದರಲ್ಲೇ ಕೇಳಬಹುದು. ಪ್ರಾಧಿಕಾರದ ಕಚೇರಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುತ್ತದೆ, ಸಹಾಯವಾಣಿ 15100. ಅರ್ಜಿ ಬರೆಯಲು ತಿಳಿಯದಿದ್ದರೆ ಅಲ್ಲಿಯವರೇ ನೆರವಾಗುತ್ತಾರೆ, ಮಹಿಳೆಯರು ಮತ್ತು ಕಡಿಮೆ ಆದಾಯದವರಿಗೆ ವಕೀಲರ ಶುಲ್ಕವಿಲ್ಲ.